ಎರಡೇ ಏಟಿಗೆ

ಗೆಳೆಯನ ಹೆಂಡತಿ ಟವೆಲ್ಲಿನ ಗಂಟು ಬಿಚ್ಚಿ ಪುಟ್ಟದೊಂದು ಎಂಜಿನ್ನನ್ನು ಮೇಜಿನ ಮೇಲಿಟ್ಟಾಗ ವೆಂಕೋಬರಾಯರು ತಟ್ಟನೆ ಕಣ್ಣು ಕಿಟಕಿಯತ್ತ ತಿರುಗಿಸಿದರು. ರಿಮೋಟಿನಲ್ಲಿ ಹಾರಿಸುವ ಮಾದರಿ ವಿಮಾನದ ಎಂಥ ಹಳೆಯ ಎಂಜಿನ್ನೇ ಬರಲಿ, ನೋಡಿದ ಕೂಡಲೇ ಅದರ ಜಾತಕ ಹೇಳುವುದರಲ್ಲಿ ರಾಯರು ಹೆಸರುವಾಸಿ.

“ಅಟ್ಟದ ಮೇಲೆ ಹಿತ್ತಾಳೆ ಕೊಳಗದೊಳಗೆ ಸಿಕ್ತು. ಇವರಿಗೆ ಹಾರ್ಟ್ ಆಪರೇಷನ್ ಆದ್ಮೇಲೆ ಬಿಸಿಲಲ್ಲಿ ವಿಮಾನದ ಹಿಂದೆ ಓಡಾಡಬಾರದು ಅಂತ ಡಾಕ್ಟರು ಹೇಳಿದ್ರಲ್ಲ. ಎಲ್ಲಾ ಯಾರಿಗೋ ಕೊಟ್ಟುಬಿಟ್ಟೆ ಅಂತ ಇವರು ದೇವರ ಮುಂದೆ ಆಣೆ ಮಾಡಿದ್ರು. ಇದು ಇವರದೇನಾ?”

“ಇದನ್ನ ನಾನು ನೋಡೇ ಇಲ್ಲ, ಅತ್ತಿಗೆ.” ಮೇಜಿನ ಕೆಳಗೆ ರಾಯರ ಕಾಲು ಕುಣಿಯತೊಡಗಿತು.

“ಹಾಗಾದ್ರೆ ಗುಜರಿಯವನು ಹೇಳಿದ್ದೇ ಸರಿ. ಗದ್ದೆಗೆ ಔಷಧಿ ಹೊಡಿಯೋ ಮೆಷಿನ್ನಿಂದಂತೆ.”

ರಾಯರು ತುಟಿ ಕಚ್ಚಿ ಹಿಡಿದರು.

“ಅದೂ ಈಚೆಗೆ ಮಾಡಿದ ಡೂಪ್ಲಿಕೇಟ್ ಮಾಲಂತೆ.”

ಕಾಫಿ ಲೋಟ ಎತ್ತಿದರು, ಕುಡಿಯದೆ ಕೆಳಗಿಟ್ಟರು.

“ಎಷ್ಟು ತಿರುಗಿಸಿದ್ರೂ ಸ್ಟಾರ್ಟೇ ಆಗಲ್ವಂತೆ.”

“ಯಾವ ಮುಠ್ಠಾಳ ಹೇಳಿದ್ದು?” ರಾಯರ ಬೆರಳು ಆಗಲೇ ಎಂಜಿನ್ನಿನ ಮೇಲಿತ್ತು. “ಈ ಸ್ಪಾರ್ಕ್ ಪ್ಲಗ್ ನೋಡಿ, ಈ ಎರಕ ನೋಡಿ. ಮಹಾಯುದ್ಧಕ್ಕೂ ಮುಂಚಿನ ಪೆಟ್ರೋಲ್ ಎಂಜಿನ್ನು ಇದು, ಊರಲ್ಲಿ ಇನ್ನೊಂದಿಲ್ಲ. ಸ್ಟಾರ್ಟ್ ಆಗಲ್ವಂತೆ. ಮೊನ್ನೆ ಭಾನುವಾರ ವಿಮಾನದ ಮೂತಿಯ ಫ್ಯಾನಿಗೆ ಬೆರಳಲ್ಲಿ ಎರಡೇ ಏಟು ಕೊಟ್ಟಿದ್ದು, ಗುಡುಗುಡು ಅಂತ ಎದ್ದುಬಿಡ್ತು.”

ಆಕೆ ಎಂಜಿನ್ನನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿ, ನಿಧಾನವಾಗಿ ಗಂಟು ಹಾಕಿದರು.

“ಭಾನುವಾರ ನಿಮ್ಮನೇಲಿ ಭಜನೆ ಇತ್ತು ಅಂದಿದ್ರು ಇವರು.”