ಅಕ್ಕನ ಕ್ಯಾರಿಯರ್

ತಮ್ಮ ಸೈಕಲ್ ಜಾಥಾಕ್ಕೆ ಹೆಸರು ಕೊಟ್ಟು ಬಂದ ಸುದ್ದಿ ಕೇಳಿ ಅಕ್ಕ ನಗಲೂ ಇಲ್ಲ, ಬೈಯಲೂ ಇಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಗಾಲಿಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು, "ನಿಂಗೆ ಸೈಕಲ್ ಹೊಡೆಯೋಕೆ ಬರುತ್ತೇನೋ?" ಎಂದು ಕೇಳಿದಳು.

"ಬರಲ್ಲ," ಎಂದ ತಮ್ಮ.

ಅವನದು ಕಟಿಂಗ್ ಶಾಪು. ಕತ್ತರಿಗಿಂತ ನಾಲಿಗೆ ಒಂದು ಹೆಜ್ಜೆ ಮುಂದೆ. ಅಕ್ಕನಿಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ. ಅಂಥವರಿಗಾಗಿ ವ್ಯಾಯಾಮದ ಕೋಣೆಯೊಂದನ್ನು ಕಟ್ಟಿಸಲು ಜಾಥಾ ನಡೆಯುತ್ತದೆ, ಒಬ್ಬೊಬ್ಬ ಸವಾರನ ಹೆಸರಲ್ಲಿ ಜನ ದುಡ್ಡು ಕೊಡಬೇಕು ಎಂದು ಗಿರಾಕಿಯೊಬ್ಬ ಹೇಳಿದ್ದೇ ತಡ, ಅವನ ಗಲ್ಲಕ್ಕೆ ಸೋಪು ಹಚ್ಚುತ್ತಲೇ, "ನಾನೇ ಹೊಡೀತೀನಿ, ನೀವೆಷ್ಟು ಹಾಕ್ತೀರ?" ಎಂದುಬಿಟ್ಟಿದ್ದ. ಗಂಟಲ ಹತ್ತಿರ ಕತ್ತಿ ಇರುವಾಗ ಯಾರು ತಾನೇ ಇಲ್ಲ ಎನ್ನುತ್ತಾರೆ? ವಾರದೊಳಗೆ ಅರ್ಧ ಬೀದಿಯೇ ಒಪ್ಪಿಕೊಂಡಿತ್ತು. ಆದರೆ ಜಾಥಾ ಮುಗಿಸಿದರೆ ಮಾತ್ರ ದುಡ್ಡು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಸುಮ್ಮನೆ ಹೇಳಿಲ್ಲ.

"ಇಷ್ಟು ವಯಸ್ಸಾಗೋ ತನಕ ಕಲೀದೆ ಏನು ಮಾಡ್ತಿದ್ದೆ?"

"ನಿನ್ನ ಕ್ಯಾರಿಯರ್ ಮೇಲೆ ಕೂತಿದ್ನಲ್ಲಕ್ಕ."

ಅದೂ ನಿಜ. ಶಾಲೆಗೆ, ಟ್ಯೂಷನ್ನಿಗೆ, ಆಮೇಲೆ ಅವನು ಕೆಲಸ ಕಲಿಯಲು ಹೋದ ಅಂಗಡಿಗೂ ಅಕ್ಕನೇ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟುಬರುತ್ತಿದ್ದಳು. ಅವಳ ಪಾದ ಮೊದಲು ಜೋಮು ಹಿಡಿದದ್ದೂ ಪೆಡಲ್ ತುಳಿಯುವಾಗಲೇ. ಈಗ ಕಾಲು ಅವಳ ಮಾತು ಕೇಳುವುದಿಲ್ಲ. ಅದಕ್ಕಾದರೂ ಒಗ್ಗಿಕೊಂಡಿದ್ದಳು. ಒಗ್ಗದೆ ಉಳಿದದ್ದು ಇನ್ನೊಂದು: ಮನೆಯಲ್ಲಿ ಎಲ್ಲರೂ ಅವಳಿಗೆ ಸಹಾಯ ಮಾಡುವವರೇ, ಅವಳಿಂದ ಏನಾದರೂ ಆಗಬೇಕು ಎನ್ನುವವರು ಒಬ್ಬರೂ ಇಲ್ಲ. ನೀರಿನ ಲೋಟ ಎತ್ತಿಕೊಳ್ಳಲು ಹೋದರೂ ನಾಲ್ಕು ಕೈ ಅಡ್ಡ ಬರುತ್ತಿದ್ದವು.

"ನಾಳೆ ಬೆಳಿಗ್ಗೆ ಹಿಂದಿನ ಮೈದಾನಕ್ಕೆ ಹೋಗೋಣ," ಎಂದಳು. "ಒಂದು ಬಾಡಿಗೆ ಸೈಕಲ್ ತಗೊಂಡು ಬಾ."

ಮೈದಾನದ ಆ ತುದಿಯಲ್ಲಿ ತಮ್ಮ ಮತ್ತು ಸೈಕಲ್ಲು. ಈ ತುದಿಯಲ್ಲಿ ಕುರ್ಚಿಯ ಗಾಲಿಗೆ ಲಾಕ್ ಹಾಕಿ ಕೂತ ಅಕ್ಕ. ಹಿಂದೆ ಓಡುತ್ತ ಸೀಟು ಹಿಡಿಯಲು ಅವಳಿಂದಾಗದು. ಬಾಯಿಗೇನು ಕಾಯಿಲೆ?

"ನೆಲ ನೋಡಬೇಡ್ವೋ, ನೆಲಕ್ಕೇ ಹೋಗ್ತೀಯ. ನನ್ನ ಮುಖ ನೋಡು. ನನ್ನ ಕಡೆ ಬಾ."

ಬಿದ್ದ, ಎದ್ದ, ಮಂಡಿ ತರಚಿಕೊಂಡ. ಅಂಗಡಿಯಲ್ಲಿ ಗಿರಾಕಿಗಳು ಕೇಳಿದರೆ ಪ್ರ್ಯಾಕ್ಟೀಸ್ ಜೋರಾಗಿದೆ ಎಂದ. ಕೊನೆಗೂ ಅಂಕುಡೊಂಕಾಗಿ ಅಕ್ಕನ ತನಕ ಬರುವುದನ್ನು ಕಲಿತ. ಬ್ರೇಕು ಮಾತ್ರ ಒಲಿಯಲಿಲ್ಲ. ಒಮ್ಮೆ ಗಾಬರಿಯಲ್ಲಿ ಮುಂದಿನ ಬ್ರೇಕು ಅದುಮಿ ಹ್ಯಾಂಡಲ್ ಮೇಲಿಂದ ಹಾರಿಬಿದ್ದವನು ಮತ್ತೆ ಅದರ ತಂಟೆಗೇ ಹೋಗಲಿಲ್ಲ. ಕಾಲು ನೆಲಕ್ಕೆ ಎಳೆಯುತ್ತ ಬಂದು, ಅಕ್ಕ ಚಾಚಿದ ಕೈ ಹಿಡಿದುಕೊಂಡೇ ನಿಲ್ಲುತ್ತಿದ್ದ.

"ಜಾಥಾದ ದಿನ ಏನೋ ಮಾಡ್ತೀಯ?"

"ದಾರೀಲಿ ನಿಲ್ಲೋದೇ ಇಲ್ಲ, ಬಿಡು."

ಅಕ್ಕ ಹಣೆ ಚಚ್ಚಿಕೊಂಡಳು. ಆದರೆ ಆ ದಿನಗಳಲ್ಲಿ ಅವಳು ಬಹಳ ಖುಷಿಯಾಗಿದ್ದಳು. ತಮ್ಮ ಬರುವ ಮೊದಲೇ ಎದ್ದು, ತಲೆ ಬಾಚಿಕೊಂಡು, ಬಾಗಿಲ ಕಡೆ ಕಿವಿಯಿಟ್ಟು ಕೂತಿರುತ್ತಿದ್ದಳು.

ಜಾಥಾದ ದಿನ ಕೊನೆಯ ಗೆರೆಯಾಚೆ ಒಂದು ಡೇರೆ ಹಾಕಿದ್ದರು. ಮುಂದಿನ ಸಾಲಿನಲ್ಲಿ ಅಕ್ಕನನ್ನೂ ಅವಳಂಥ ಇನ್ನು ಕೆಲವರನ್ನೂ ಕೂರಿಸಿ ಕೈಗೆ ಹೂವು ಕೊಟ್ಟಿದ್ದರು. ಸವಾರರೆಲ್ಲ ಬಂದು ಮುಟ್ಟಿ, ನೀರು ಕುಡಿದು, ಫೋಟೋ ತೆಗೆಸಿಕೊಂಡದ್ದಾಯಿತು. ತಮ್ಮನ ಸುಳಿವಿಲ್ಲ. ಅಂಗಡಿಯ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಅಕ್ಕ ರಸ್ತೆಯ ಕಡೆ ಕತ್ತು ಚಾಚಿದಳು. ಎಲ್ಲಿ ನೆಲ ನೋಡಿಬಿಟ್ಟನೋ.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಅವನು ಕಾಣಿಸಿಕೊಂಡ. ಬೆವರಿ ಬಸವಳಿದಿದ್ದ, ಸೈಕಲ್ ಹಾವಿನಂತೆ ಹರಿಯುತ್ತಿತ್ತು, ಆದರೂ ಬೀಳಲಿಲ್ಲ. ಗಿರಾಕಿಗಳು ಕೂಗಿದರು, ಯಾರೋ ಸೀಟಿ ಊದಿದರು. ಗೆರೆ ದಾಟಿದ. ಅಲ್ಲಿ ನಿಲ್ಲಲಿಲ್ಲ. ಎರಡೂ ಕಾಲು ನೆಲಕ್ಕೆ ಎಳೆಯುತ್ತ, ಅಕ್ಕನ ಮುಖದಿಂದ ಕಣ್ಣು ಕೀಳದೆ, ಸೀದಾ ಡೇರೆಯ ಕಡೆಗೇ ಬಂದ.

ಉಸ್ತುವಾರಿಯ ಹುಡುಗಿ ಓಡಿಬಂದು ಗಾಲಿಕುರ್ಚಿಯ ಹಿಡಿಗೆ ಕೈ ಹಾಕಿದಳು. "ಅಮ್ಮಾ, ಪಕ್ಕಕ್ಕೆ ತಳ್ತೀನಿ, ನಿಮಗೆ ಗುದ್ದಿಬಿಡ್ತಾರೆ."

ಅಕ್ಕ ಹೂವನ್ನು ತೊಡೆಯ ಮೇಲಿಟ್ಟು, ಗಾಲಿಗೆ ಲಾಕ್ ಹಾಕಿ, ಕೈ ಚಾಚಿದಳು.

"ಬೇಡಮ್ಮ," ಎಂದಳು. "ನಾನು ಸರಿದುಬಿಟ್ರೆ ಅವನು ಬಿದ್ದುಹೋಗ್ತಾನೆ."