ಸಪ್ಪೆ ಮಿಕ್ಸರ್

ಮನೆಯ ಮಿಕ್ಸರ್ ಸುಟ್ಟುಹೋಗಿತ್ತು. ಮಗಳ ಫೀ ಕಟ್ಟಿ ಕೈ ಖಾಲಿಯಾಗಿದ್ದರಿಂದ ನೀಲವ್ವ ಗದಗಿನ ಹಳೇ ಸಾಮಾನಿನ ಅಂಗಡಿಗೆ ಹೋದಳು. ಹಳೇ ಮಿಕ್ಸರ್ ಜೊತೆಗೆ ಮೊದಲು ಅರೆದವಳ ಕೈರುಚಿಯೂ ಮನೆಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಇದ್ಯಾಕ ಇಷ್ಟ ಅಗ್ಗರೀ?" ಎಂದು ಮೂಲೆಯಲ್ಲಿದ್ದುದನ್ನು ತೋರಿಸಿದಳು.

"ಮೊದಲಿನಾಕಿ ಉಪ್ಪಿಗೆ ಭಾಳ ಜಿಪುಣಿ ಇದ್ಲರಿ. ನೀವು ಎಷ್ಟ ಉಪ್ಪ ಹಾಕಿದ್ರೂ ಚಟ್ನಿ ಸಪ್ಪಗ ಆಕೈತಿ. ಒಂದ ತಿಂಗಳಿಗೆ ನಿಮ್ಮ ಕೈಗೆ ಹೊಂದ್ಕೋತೈತಿ," ಎಂದ ಅಂಗಡಿಯವ.

ಬಿಪಿ ಏರಿದರೂ ಉಪ್ಪು ಬಿಡದ ಮಾವ ನೆನಪಾಗಿ ನೀಲವ್ವ ಚೌಕಾಶಿಯನ್ನೇ ಮಾಡಲಿಲ್ಲ.

ಹೇಳಿದಂತೆಯೇ ತಿಂಗಳಿಗೆ ಮಿಕ್ಸರ್ ಅವಳ ಕೈಗೆ ಹೊಂದಿಕೊಂಡಿತು. ಆರು ತಿಂಗಳಾದರೂ ಮಾವ ಗೊಣಗುತ್ತಿದ್ದರು: "ಚಟ್ನಿ ಇನ್ನೂ ಸಪ್ಪಗ ಐತೆಲ್ಲವಾ."

"ಏನ ಮಾಡ್ಲಿರಿ ಮಾವಾರ, ಮಿಕ್ಸರ್ ಮಾತ ಕೇಳವಲ್ದು," ಎಂದು ನೀಲವ್ವ ಉಪ್ಪಿನ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿದಳು.