ಒಳಗಿದ್ದವನ ಕೀ

ಗಡಿಯಾರದಲ್ಲಿ ಇನ್ನು ನಲವತ್ತೇ ಸೆಕೆಂಡು. ಅದು ಸೊನ್ನೆಗೆ ಬಂದ ಕೂಡಲೇ ರಿಂಗಿನ ನಾಲ್ಕೂ ಮೂಲೆಯ ಸಿಡಿಮದ್ದು ಹಾರಬೇಕು, ಅಷ್ಟರೊಳಗೆ ಹೊರಗೆ ಬಾರದವನು ಸೋತ ಹಾಗೆ. ಜಪಾನಿನ ಕುಸ್ತಿಯವರು ರಿಯಾದಿಗೆ ತಂದ ಆಟದ ನಿಯಮ ಇದು. ಎದುರಾಳಿ ಆಗಲೇ ಹೊರಗೆ ಜಿಗಿದಿದ್ದ. ಹಿರಿಯ ಪೈಲ್ವಾನ ಕುಬೊತಾ ಮಾತ್ರ ಮೂಲೆಯಲ್ಲಿ ಕವುಚಿ ಬಿದ್ದಿದ್ದ. ನಟನೆಯೋ ನಿಜವೋ, ಸಿಡಿಮದ್ದಿಗೆ ಕರೆಂಟು ಬಿಡುವ, ಬೀಗ ಹಾಕಿದ ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ನಿಂತ ಎಲೆಕ್ಟ್ರಿಷಿಯನ್ ಸುಶಾಂತನಿಗೆ ತಿಳಿಯಲಿಲ್ಲ. ಅವನ ಕಾಲು ಒಂದೇ ಸಮನೆ ನೆಲ ಕುಟ್ಟುತ್ತಿತ್ತು.

“ಬೀಗ ತೆಗಿ ಮಾರಾಯ, ಯಲ್ಲಾ, ಬೇಗ!” ಮ್ಯಾನೇಜರ್ ಅಶ್ರಫ್ ಕೂಗಿದ. “ಕೀ ಎಲ್ಲಿ?”

“ಅವರ ಹತ್ರವೇ ಉಂಟು, ಅಶ್ರಫಾಕ.” ಸುಶಾಂತ್ ಕುಬೊತಾನತ್ತ ಕೈ ತೋರಿಸಿದ.

“ಎಂತ? ಅವನಿಗೆ ಯಾಕೆ ಕೊಟ್ಟೆ?”

ರಾಬಿಗ್‌ನ ರಿಫೈನರಿಯಲ್ಲಿ ಒಂಬತ್ತು ವರ್ಷ ದುಡಿದ ಸುಶಾಂತನಿಗೆ ಅದು ಅಭ್ಯಾಸ. ಅಪಾಯದ ಜಾಗಕ್ಕೆ ಇಳಿಯುವವನ ಕೈಯಲ್ಲೇ ಸ್ವಿಚ್ಚಿನ ಬೀಗದ ಕೀ ಇರಬೇಕು, ಅವನು ಹೊರಬಂದು ಕೊಡುವವರೆಗೆ ಯಾರೂ ಕರೆಂಟು ಬಿಡುವಂತಿಲ್ಲ. ಆಟಕ್ಕೆ ಮೊದಲು ಸುಶಾಂತ್ ಅದನ್ನು ಕೈಸನ್ನೆಯಲ್ಲಿ ಹೇಳಿ ಕೀ ಕೊಟ್ಟಾಗ, ಕುಬೊತಾ ಎರಡೂ ಕೈಯೊಡ್ಡಿ ತೆಗೆದುಕೊಂಡು, ಬಗ್ಗಿ ವಂದಿಸಿದ್ದ.

ಜನ ಎದ್ದು ನಿಂತು ಹತ್ತರಿಂದ ಕೆಳಗೆ ಎಣಿಸತೊಡಗಿದರು. ಅಶ್ರಫ್ ಸನ್ನೆ ಮಾಡಿದ. ರೆಫರಿ ಓಡಿಹೋಗಿ ಕೀಗಾಗಿ ಕುಬೊತಾನ ಬಲಮುಷ್ಟಿ ಬಿಡಿಸಲು ನೋಡಿದ. ಬೆರಳುಗಳು ಸಡಿಲಾಗಲಿಲ್ಲ, ಇನ್ನಷ್ಟು ಬಿಗಿದುಕೊಂಡವು. ಕಣ್ಣು ಮುಚ್ಚಿಕೊಂಡೇ ಕುಬೊತಾ ಆ ಮುಷ್ಟಿಯನ್ನು ಎದೆಯಡಿಗೆ ಎಳೆದುಕೊಂಡ.

ಸುಶಾಂತನ ಕಾಲು ನೆಲ ಕುಟ್ಟುವುದನ್ನು ನಿಲ್ಲಿಸಿತು.